ಕಡಲಲ್ಲಿ ಹೋದವರಿಗೂ ಒಂದೆಲೆ

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ತುಮಕೂರಿನ ಒಂದು ಕಾರ್ಖಾನೆಯಲ್ಲಿ ಟೈಪಿಸ್ಟ್ ಆಗಿದ್ದೆ. ಹೊಸ ಯಂತ್ರ ಕೂರಿಸಲು ಜರ್ಮನಿಯಿಂದ ಒಬ್ಬ ಇಂಜಿನಿಯರು ಬಂದಿದ್ದರು. ಅರವತ್ತರ ಹತ್ತಿರದ ವಯಸ್ಸು, ಮಾತು ಕಡಿಮೆ. ಅವರ ಇಂಗ್ಲಿಷನ್ನು ಕೆಲಸಗಾರರಿಗೆ ಕನ್ನಡದಲ್ಲಿ ಹೇಳುವ ಕೆಲಸ ನನ್ನ ಪಾಲಿಗೆ ಬಂತು.

ಪಿತೃಪಕ್ಷದ ಅಮಾವಾಸ್ಯೆಗೆ ರಜೆ. ಅವರ ಅಡುಗೆಯವನೂ ಊರಿಗೆ ಹೊರಟಿದ್ದ. ಒಬ್ಬರೇ ಉಳಿಯುತ್ತಾರಲ್ಲ ಎಂದು ಅಮೃತೂರಿನ ನಮ್ಮ ಮನೆಗೆ ಕರೆದುಕೊಂಡು ಹೋದೆ. ಅಮ್ಮ ಹಿರಿಯರಿಗೆ ಎಡೆ ಇಡುತ್ತಿದ್ದಳು. ಬಾಳೆಲೆಯ ಮೇಲೆ ಮುದ್ದೆ, ಕೋಳಿ ಸಾರು, ವಡೆ. ಪಕ್ಕದಲ್ಲಿ ಅಪ್ಪನ ಬೀಡಿ. ಸತ್ತವರಿಗೆ ಇಷ್ಟವಾದದ್ದನ್ನೇ ಇಡುತ್ತೇವೆ ಎಂದು ವಿವರಿಸಿದೆ. ಅವರು ಬಗ್ಗಿ ಆ ಬೀಡಿಯನ್ನು ನೋಡಿದರು. ಆಮೇಲೆ, ಎರಡನೇ ಮಹಾಯುದ್ಧದಲ್ಲಿ ತಾನು ಜಲಾಂತರ್ಗಾಮಿಯಲ್ಲಿದ್ದೆ ಎಂದರು.

"ಏನಂತೆ?" ಅಮ್ಮ ಕೇಳಿದಳು.

"ನೀರೊಳಗೇ ಹೋಗೋ ಹಡಗು ಕಣಮ್ಮ. ಅದ್ರಲ್ಲಿ ಇಂಜಿನ್ ನೋಡ್ಕೊತಿದ್ರಂತೆ."

ಒಂದೇ ಹಾಸಿಗೆಯಲ್ಲಿ ಸರದಿಯ ಮೇಲೆ ಮಲಗುತ್ತಿದ್ದುದು, ಡೀಸೆಲ್ ವಾಸನೆ, ಬೂಷ್ಟು ಕೆರೆದು ಬ್ರೆಡ್ಡು ತಿನ್ನುತ್ತಿದ್ದುದು, ಎಲ್ಲವನ್ನೂ ಹೇಳಿದರು. ಒಮ್ಮೆ ಕಾಮಾಲೆಯಾಗಿ ಇವರು ಬಂದರಿನ ಆಸ್ಪತ್ರೆಯಲ್ಲೇ ಉಳಿದರಂತೆ. ಹಡಗು ಇವರನ್ನು ಬಿಟ್ಟು ಹೊರಟಿತು. ವಿಮಾನದ ಬಾಂಬಿಗೆ ಸಿಕ್ಕಿ ಮುಳುಗಿತೆಂದು ಆಮೇಲೆ ಸುದ್ದಿ ಬಂತು. ಒಬ್ಬರೂ ವಾಪಸಾಗಲಿಲ್ಲ.

"ಆ ಹಡಗ್ನಲ್ಲಿ ಹೋದೋರಿಗೆ ಏನಿಷ್ಟ ಅಂತ ಕೇಳವ್ವ," ಎಂದಳು ಅಮ್ಮ.

ಅವರು ಮೊದಲ ಸಲ ನಕ್ಕರು. "ಆಗತಾನೇ ಒಲೆಯಿಂದ ತೆಗೆದ ಬ್ರೆಡ್ಡು."

ಬಸ್ ಸ್ಟ್ಯಾಂಡ್ ಹತ್ತಿರದ ಬೇಕರಿಯಿಂದ ತಂದೆ. ಅಮ್ಮ ಇನ್ನೊಂದು ಎಲೆ ಹಾಕಿ ಅದರಲ್ಲಿಟ್ಟಳು. ಆಮೇಲೆ ಕೇಳಿದಳು, "ಆ ಹಡಗು ಏನ್ ಕೆಲ್ಸ ಮಾಡ್ತಿತ್ತಂತೆ?"

ಉತ್ತರ ನನಗೆ ಗೊತ್ತಿತ್ತು. ಆದರೂ ಅವರನ್ನೇ ಕೇಳಿದೆ. ಬೇರೆ ಹಡಗುಗಳನ್ನು ಮುಳುಗಿಸುತ್ತಿತ್ತು ಎಂದರು. ಅದನ್ನು ಕೇಳಿ ಅಮ್ಮ ಎಲೆ ಎತ್ತಿಬಿಡುತ್ತಾಳೇನೋ ಅಂತ ಹೆದರಿದೆ.

"ಇವ್ರು ಮುಳುಗಿಸಿದ ಹಡಗ್ನೋರೂ ನೀರಲ್ಲೇ ಹೋದೋರಲ್ವಾ? ಅವ್ರಿಗೂ ಒಂದೆಲೆ ಹಾಕು ಬುಡು."

ಅದನ್ನು ಇಂಗ್ಲಿಷಿಗೆ ತಿರುಗಿಸಿದಾಗ ಅವರು ಗೋಡೆಗೊರಗಿ ಕುಳಿತರು. "ನಾನು ಯಾರ ಮುಖವನ್ನೂ ನೋಡಿದವನಲ್ಲ. ಇಂಜಿನ್ ಹತ್ತಿರ ಇರುತ್ತಿದ್ದೆ. ಒಂದು ಹಡಗು ಮುಳುಗಿದಾಗ ನಮ್ಮವರು ಖುಷಿಯಿಂದ ಕೂಗುವುದಷ್ಟೇ ಕೇಳಿಸುತ್ತಿತ್ತು. ನಾನೂ ಕೂಗುತ್ತಿದ್ದೆ."

ಇದನ್ನು ನಾನು ಅಮ್ಮನಿಗೆ ಹೇಳಲಿಲ್ಲ. ಅವಳೂ ಕೇಳಲಿಲ್ಲ. ನಾನು ಮೂರನೆಯ ಎಲೆ ಹಾಕಿದೆ. ಆ ಎಲೆಯವರಿಗೆ ಏನು ಇಷ್ಟವೋ ತಿಳಿಯದೆ, ಅಮ್ಮ ಮಾಡಿದ್ದನ್ನೆಲ್ಲಾ ಬಡಿಸಿದಳು. ಧೂಪ ಹಾಕಿ, ಹಿರಿಯರು ಉಣ್ಣಲಿ ಎಂದು ಬಾಗಿಲು ಮುಂದೆ ಮಾಡಿ, ಎಲ್ಲರೂ ಜಗಲಿಯಲ್ಲಿ ಕಾದೆವು. ಊಟಕ್ಕೆ ಕೂತಾಗ ಆ ಮೂರನೆಯ ಎಲೆಯನ್ನು ಅವರೇ ತಮ್ಮ ಮುಂದೆ ಎಳೆದುಕೊಂಡರು. ಖಾರಕ್ಕೆ ಕಣ್ಣು ಮೂಗು ಸುರಿಯುತ್ತಿದ್ದರೂ ಎಲೆಯಲ್ಲಿ ಏನೂ ಬಿಡಲಿಲ್ಲ.

ಮರುವರ್ಷದ ಹೊತ್ತಿಗೆ ಅವರು ತಮ್ಮ ದೇಶಕ್ಕೆ ಹೋಗಿಯಾಗಿತ್ತು. ಬ್ರೆಡ್ಡು ತರಲೇ ಎಂದು ಅಮ್ಮನನ್ನು ಕೇಳಿದೆ.

"ಬ್ಯಾಡ ಕಣೇ. ಇನ್ಮೇಲೆ ಅವ್ರೇ ಇಡ್ತಾರೆ."

ಇಟ್ಟರೋ ಇಲ್ಲವೋ, ನನಗೆ ತಿಳಿಯದು.