ಉಪ್ಪು ಬಿಟ್ಟ ಅಡುಗೆಯವರು

ಚೆನ್ನೈನ ಪೆರಂಬೂರಿನಲ್ಲಿ ನಾನು ದಿನಾ ಊಟ ಮಾಡುತ್ತಿದ್ದ ಹೋಟೆಲಿನ ಅಡುಗೆಯವರು ಉಡುಪಿ ಕಡೆಯವರು. ಕಿಡ್ನಿಯ ತೊಂದರೆಯೆಂದು ಡಾಕ್ಟರು ಉಪ್ಪು ಬಿಡಿಸಿದ ಮೇಲೆ ಅವರು ತಮ್ಮ ಸಪ್ಪೆ ಗಂಜಿಯನ್ನು ಬೇರೆಯೇ ಬೇಯಿಸಿಕೊಂಡು, ಉಪ್ಪಿನಕಾಯಿಯ ಭರಣಿಗೆ ಬೆನ್ನು ಹಾಕಿ ಕೂತು ಉಣ್ಣುತ್ತಿದ್ದರು. ಆಮೇಲೆ ಕೈ ಒರೆಸಿಕೊಳ್ಳುತ್ತ ನನ್ನ ಎಲೆಯ ಪಕ್ಕ ಬಂದು ನಿಲ್ಲುವರು.

"ಉಪ್ಪು ಸರಿ ಉಂಟಾ ಮಾರಾಯ್ರೆ?"

ನಾನು ತುತ್ತು ನುಂಗುವವರೆಗೂ ಅವರ ಕಣ್ಣು ನನ್ನ ಗಂಟಲನ್ನು ಬಿಡುತ್ತಿರಲಿಲ್ಲ.

ಒಂದು ಮಧ್ಯಾಹ್ನ ಪಕ್ಕದ ಮೇಜಿನವನೊಬ್ಬ ಬಟ್ಟಲು ತಳ್ಳಿ ತಮಿಳಿನಲ್ಲಿ ಕೂಗಿದ: "ಎನ್ನ ಮಾಸ್ಟರ್, ಸಾಂಬಾರ್‌ಲ ಉಪ್ಪೇ ಇಲ್ಲ!"

ಗಲ್ಲಾದಲ್ಲಿದ್ದ ಯಜಮಾನರು ತಲೆ ಎತ್ತಿದರು. ಅಡುಗೆಯವರು ಸಾಂಬಾರನ್ನು ಅಂಗೈಗೆ ಬಿಟ್ಟುಕೊಂಡು ನೆಕ್ಕಿದರು. ಮುಖ ಹುಳ್ಳಗಾಯಿತು.

"ನಂಗೆ ಸಮುದ್ರದ ನೀರು ಕುಡಿದ ಹಾಗೆ ಆಗ್ತದೆ," ಎಂದು ನನ್ನ ಕಿವಿಯಲ್ಲಿ ಹೇಳಿದರು. ಉಪ್ಪು ಮರೆತ ನಾಲಿಗೆಗೆ ಚಿಟಿಕೆಯೂ ಹಿಡಿಯಷ್ಟಾಗಿತ್ತು. ಒಳಗೆ ಹೋಗಿ ಬಾಯಿ ಮುಕ್ಕಳಿಸಿ, ಕಣ್ಣು ಮುಚ್ಚಿ ಪಾತ್ರೆಗೆ ಉಪ್ಪು ಸುರಿದರು.

ಮುಂದಿನ ವಾರ ಅವರು ಆಸ್ಪತ್ರೆಯಿಂದ ನೇರ ಹೋಟೆಲಿಗೇ ಬಂದರು. ರಿಪೋರ್ಟ್ ಹೇಗಿದೆ ಎಂದು ಕೇಳಿದೆ.

"ಒಳ್ಳೇದುಂಟಂತೆ. ಹೀಗೇ ಮುಂದುವರಿಸಿ ಅಂದ್ರು," ಎಂದರು, ಸಾವಿನ ಸುದ್ದಿ ಹೇಳುವವರಂತೆ.

ಅವರ ಕಣ್ಣು ಅಡುಗೆಮನೆಯ ಬಾಗಿಲಿನಲ್ಲಿತ್ತು. ಅಲ್ಲಿ ಯಜಮಾನರು ಸಾಂಬಾರನ್ನು ತಮ್ಮ ಅಂಗೈಗೆ ಬಿಟ್ಟುಕೊಳ್ಳುತ್ತಿದ್ದರು.