ಪಕ್ಕದ ಸೀಟಿನ ಸವತಿ

ಬೀದಿಗೆಲ್ಲ ‘ಸ್ಪ್ರಿಂಗ್ ಭಾವ’ನಾದ ಈ ಮನುಷ್ಯ ತನ್ನ ಸ್ಪೋರ್ಟ್ಸ್ ಕಾರಿಗೆ ಮನೆಯಲ್ಲೇ, ಎತ್ತರ ಏರಿಳಿಸಬಹುದಾದ ಸ್ಪ್ರಿಂಗಿನ ಕಾಯಿಲೋವರ್ ಸಸ್ಪೆನ್ಷನ್ ಕೂರಿಸಿದಂದಿನಿಂದ ತಾನು ನೆಮ್ಮದಿಯಾಗಿ ಕೂತದ್ದಿಲ್ಲ. ರಜೆ ಬಂತೆಂದರೆ ಕಾರನ್ನು ಜಾಕ್ ಮೇಲೇರಿಸಿ, ಸ್ಪ್ರಿಂಗಿನಡಿಯ ರಿಂಗನ್ನು ಕೂದಲೆಳೆಯಷ್ಟು ತಿರುಗಿಸಿ, ಇಳಿಸಿ, ನೆಲಕ್ಕೆ ಕೆನ್ನೆಯಿಟ್ಟು ನೋಡಿ, “ಎಡಗಡೆ ವಾಲ್ತಿದೆ ಕಣೇ!” ಎಂದು ಬೆವರುತ್ತಾನೆ. ಇಬ್ಬರೂ ಕೂತಾಗ ಎತ್ತರ ಸರಿಯಿರಬೇಕೆಂದು, ಹೆಂಡತಿಯ ತೂಕದಷ್ಟೇ ಮರಳಿನ ಚೀಲವನ್ನು ಪಕ್ಕದ ಸೀಟಿಗೇರಿಸಿ ಬೆಲ್ಟ್ ಬಿಗಿದಿದ್ದಾನೆ. “ನನ್ನ ಸವತಿಗೆ ಕಾಫಿ ಬೇಕಂತಾ, ಕೇಳ್ರೀ” ಎಂದು ಅವಳು ಕಿಟಕಿಯಿಂದ ಛೇಡಿಸುತ್ತಾಳೆ. ಅವಳು ಆಸ್ಪತ್ರೆಗೆ ಅಲೆಯತೊಡಗಿದ ಮೇಲೆ, ಅವಳ ತೂಕ ಇಳಿದಂತೆಲ್ಲ ಅವನು ಚೀಲದಿಂದ ಅಷ್ಟು ಮರಳು ತೆಗೆದು ಡಬ್ಬಿಗೆ ಸುರಿದು, ರಿಂಗನ್ನು ಮತ್ತೆ ತಿರುಗಿಸುತ್ತಾನೆ. “ಆ ಮರಳನ್ನ ಗಿಡಕ್ಕಾದ್ರೂ ಹಾಕಬಾರದೇನ್ರೀ?” ಎಂದಳು ಮೊನ್ನೆ. “ಮುಟ್ಟಬೇಡ, ವಾಪಸ್ ತುಂಬೋದಿದೆ” ಎಂದವನೇ ಡಬ್ಬಿಯ ಮುಚ್ಚಳವನ್ನು ಇನ್ನೊಂದು ಸುತ್ತು ಬಿಗಿದ.