ಕಟಗಿ ಇಟ್ಟೀರೇನ್ರಿ?

ಫೋನ್ ಎತ್ತಿದ ಕೂಡಲೇ ಹಲೋ ಅನ್ನುವ ರೂಢಿ ದಸ್ತಗೀರಸಾಬರಿಗೆ ಇರಲಿಲ್ಲ. ಟ್ರ್ಯಾಕ್ಟರಿನ ಹಿಂದಿನ ಲಿಫ್ಟ್ ಕೆಟ್ಟಿದೆ ಎಂದು ಯಾರೇ ಹೇಳಲಿ, ಅವರ ಮೊದಲ ಮಾತು ಒಂದೇ: "ಕಟಗಿ ಇಟ್ಟೀರೇನ್ರಿ?" ಇಲ್ಲ ಎಂದರೆ ಎರಡನೆಯದು: "ಮೊದಲ ಹೊರಗ ಬರ್ರಿ." ಮನೆಯಲ್ಲಿ ಕೂತು ಫೋನ್ ಮಾಡಿದವರಿಗೂ ಇದೇ ಅಪ್ಪಣೆ. ಊರು, ಹೆಸರು, ಏನಾಗಿದೆ ಎಂಬುದೆಲ್ಲ ಆಮೇಲಿನ ವಿಚಾರ.

ಗಬ್ಬೂರ ಬೈಪಾಸಿನ ಹತ್ತಿರ ಅವರದೊಂದು ತಗಡಿನ ಗ್ಯಾರೇಜು. ಅಲ್ಲಿಂದ ಮೊಪೆಡ್ ಮೇಲೆ ಹೊರಟರೆ ಪಾನಾ, ಸುತ್ತಿಗೆ ತುಂಬಿದ ಚೀಲ ಹಿಂದೆ, ಜಾಲಿಯ ದಪ್ಪ ಕಟ್ಟಿಗೆ ತುಂಡು ಮುಂದೆ ಕಾಲ ಬಳಿ. ಅವರ ಎಡಗಾಲಿಗೆ ಎರಡು ಬೆರಳು ಇರಲಿಲ್ಲ. ಎಲ್ಲಿ ಹೋದವು ಎಂದು ಒಮ್ಮೆ ಕೇಳಿದೆ. "ಲಿಫ್ಟ್ ತಿಂತ್ರಿ" ಎಂದು ಹೇಳಿ ಚಹಾ ಕುಡಿದರು.

ಧಾರವಾಡದ ಅಂಚಿಗೆ ನನ್ನದು ಎರಡೆಕರೆ ಪೇರಲ ತೋಟ, ಸಾಲಿನ ನಡುವೆ ಓಡಾಡಲು ಒಂದು ಸಣ್ಣ ಟ್ರ್ಯಾಕ್ಟರು. ಹೈಸ್ಕೂಲಿನಲ್ಲಿ ಮೂವತ್ತು ವರ್ಷ ವಿಜ್ಞಾನ ಕಲಿಸಿದವನು ನಾನು. ದ್ರವದ ಒತ್ತಡದ ಪಾಠ ನಿದ್ದೆಗಣ್ಣಿನಲ್ಲೂ ಒಪ್ಪಿಸುತ್ತಿದ್ದೆ. ಹೀಗಾಗಿ ಒಂದು ದಿನ ಲಿಫ್ಟಿಗೆ ಕಟ್ಟಿದ, ಮಣ್ಣು ಪುಡಿ ಮಾಡುವ ರೋಟಾವೇಟರ್ ಮೇಲೆದ್ದದ್ದು ಕೆಳಗಿಳಿಯದೆ ನಿಂತಾಗ ನಾನೇ ಅದರ ಕೆಳಗೆ ತಲೆ ತೂರಿಸಿ ತಪಾಸಣೆ ಶುರು ಮಾಡಿದ್ದೆ. ಮನೆಯವರು ಫೋನ್ ಮಾಡಿ ಕರೆಸಿದ್ದ ದಸ್ತಗೀರಸಾಬರು ಬಂದವರೇ ನಮಸ್ಕಾರವನ್ನೂ ಹೇಳದೆ "ಹೊರಗ ಬರ್ರಿ ಸರ" ಎಂದು ಗದರಿದರು.

"ಎಣ್ಣಿ ಒಳಗ ಸಿಕ್ಕೊಂಡದ ಮಿಸ್ತ್ರಿ, ಅದು ಕೆಳಗ ಬರೂದಿಲ್ಲ" ಎಂದೆ.

"ಅದು ನಿಮಗ ಗೊತ್ತೈತ್ರಿ. ರೋಟರಿಗೆ ಗೊತ್ತೈತೇನ್ರಿ?"

ಕಟ್ಟಿಗೆ ತುಂಡನ್ನು ಅದರ ಕೆಳಗೆ ನಿಲ್ಲಿಸಿ, ಎರಡು ಸಲ ಒದ್ದು ನೋಡಿದರು. ಆಮೇಲೆ ಕೇಳಿದರು: "ಕಡೀಕ ಇದಕ್ಕ ಕೈ ಹಚ್ಚಿದವರು ಯಾರ್ರಿ?"

ಯಾರೂ ಇಲ್ಲ ಎಂದೆ. ನಿನ್ನೆ ತೊಳೆದವನು ನಾನೇ. ಸೀಟಿನ ಕೆಳಗೆ ಒಂದು ತಿರುಪು ಸಡಿಲಾಗಿತ್ತು, ಬಿಗಿ ಮಾಡಿದ್ದೆ, ಅಷ್ಟೇ ಎಂದೂ ಸೇರಿಸಿದೆ. ಅವರು ನಗಲಿಲ್ಲ. ಪಕ್ಕಕ್ಕೆ ನಿಂತು ಕೈ ಚಾಚಿ ಅದೇ ತಿರುಪನ್ನು ತುಸು ಸಡಿಲಿಸಿದರು. ಲಿಫ್ಟ್ ಇಳಿಯುವ ಎಣ್ಣೆಯ ದಾರಿಯನ್ನು ನಾನೇ ಮುಚ್ಚಿಟ್ಟಿದ್ದೆ. ರೋಟಾವೇಟರ್ ಧಡ್ ಎಂದು ಕಟ್ಟಿಗೆಯ ಮೇಲೆ ಕುಳಿತಿತು. ಸ್ವಲ್ಪ ಮುಂಚೆ ನನ್ನ ತಲೆ ಇದ್ದದ್ದು ಅಲ್ಲೇ.

"ನಿಮ್ಮದೊಂದು ಕಟಗಿ ಮಾಡಿಸಿ ಇಟ್ಕೋರಿ" ಎಂದು ಹೋದರು. ಮುಂದೆ ಬಂದಾಗಲೆಲ್ಲ ಅದನ್ನೇ ಹೇಳಿದರು. ನಾನು ಹೂಂ ಅನ್ನುತ್ತಿದ್ದೆ. ಅವರದು ಹೇಗೂ ಬರುತ್ತದಲ್ಲ ಎಂಬ ಸೋಮಾರಿತನ. ಕಟ್ಟಿಗೆಯ ವಿಷಯದಲ್ಲಿ ಅವರು ಯಾರ ಮುಲಾಜಿಗೂ ಬಿದ್ದವರಲ್ಲ. ಉಣಕಲ್ಲಿನ ದೊಡ್ಡ ಹೊಲದವರೊಬ್ಬರು "ಅದೆಲ್ಲಾ ಬ್ಯಾಡ, ಲಗೂ ನೋಡ್ರಿ" ಎಂದದ್ದಕ್ಕೆ, ತುಂಡನ್ನು ಮೊಪೆಡ್ಡಿಗೆ ಮತ್ತೆ ಕಟ್ಟಿ ಚಹಾವನ್ನೂ ಕುಡಿಯದೆ ಹೊರಟು ಬಂದಿದ್ದರಂತೆ.

ಈ ಸಲ ಮಳೆಗಾಲಕ್ಕೆ ಮುಂಚೆ ಲಿಫ್ಟ್ ಮತ್ತೆ ಮೇಲೆಯೇ ನಿಂತಿತು. ತಿರುಪು ನೋಡಿದೆ, ಸಡಿಲಾಗಿಯೇ ಇತ್ತು. ಒಂದು ಕೈಯಲ್ಲಿ ಫೋನ್ ಹಿಡಿದು, ಇನ್ನೊಂದು ಕೈ ನೆಲಕ್ಕೂರಿ ರೋಟಾವೇಟರಿನ ಕೆಳಗೆ ಬಗ್ಗಿಕೊಂಡೇ ದಸ್ತಗೀರಸಾಬರಿಗೆ ಕರೆ ಮಾಡಿದೆ.

"ಹಲೋ" ಎಂದಿತು ಆ ಕಡೆಯ ದನಿ. ನನಗೆ ವಿಚಿತ್ರವೆನಿಸಿತು.

"ನಾ ಅವರ ಮಗಾರೀ. ಅಪ್ಪಾ ಹೋಗಿ ತಿಂಗಳಾತ್ರಿ ಸರ."

ಲಿಫ್ಟ್ ಕೆಟ್ಟಿದೆ ಎಂದುಬಿಟ್ಟೆ. ಹೇಳಿದ ಮೇಲೆ ನಾಚಿಕೆಯಾಯಿತು.

"ನಂದು ಮೊಬೈಲ್ ಅಂಗಡಿರಿ. ಟ್ರ್ಯಾಕ್ಟರ್ ಬಗ್ಗೆ ನನಗೇನೂ ತಿಳ್ಯಾಂಗಿಲ್ಲ" ಎಂದ ಆತ. ಫೋನ್ ಇಡುತ್ತಾನೆ ಅಂದುಕೊಂಡೆ. ಇಡಲಿಲ್ಲ.

"ಸರ, ಕಟಗಿ ಇಟ್ಟೀರೇನ್ರಿ?"

ಇಲ್ಲ ಎಂದೆ.

"ಮೊದಲ ಹೊರಗ ಬರ್ರಿ."

ಬಂದೆ.